ಪ್ಲಾಸ್ಟಿಕ್‌ಗಳ ದ್ಯುತಿವಿಘಟನೆ

ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಮತ್ತು ಗಾಳಿಯಲ್ಲಿರುವ ಆಮ್ಲಜನಕದ ಜಂಟಿ ಪ್ರಭಾವದಿಂದ ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿಗಳು ತುಂಡಾಗುವ ರಾಸಾಯನಿಕ ಕ್ರಿಯೆಯನ್ನು ಪ್ಲಾಸ್ಟಿಕ್‌ಗಳ ದ್ಯುತಿವಿಘಟನೆ ಎನ್ನುತ್ತಾರೆ. ಬಿಸಿಲಿನ ಜೊತೆಗೆ ಶಾಖ, ಮಳೆ, ಗಾಳಿ ಮತ್ತು ಘರ್ಷಣೆಗಳು ಸೇರಿ ವಸ್ತುವನ್ನು ಸವೆಸುವ ಒಟ್ಟು ಪ್ರಕ್ರಿಯೆಗೆ ಶಿಥಿಲೀಕರಣ ಎಂದು ಹೆಸರು. ಬಣ್ಣ ಮಾಸುವುದು, ಹಳದಿಯಾಗುವುದು, ಮೇಲ್ಮೈ ಪುಡಿಯಾಗುವುದು, ಪೆಡಸಾಗಿ ಬಿರುಕು ಬಿಡುವುದು ಇದರ ಮುಖ್ಯ ಲಕ್ಷಣಗಳು. ಈ ಕ್ರಿಯೆಯಲ್ಲಿ ಪ್ಲಾಸ್ಟಿಕ್ ಚೂರುಚೂರಾಗುತ್ತದೆಯೇ ಹೊರತು ಬೇಗನೆ ಇಲ್ಲವಾಗುವುದಿಲ್ಲ. ಆದ್ದರಿಂದ ಇದು ಸೂಕ್ಷ್ಮಜೀವಿಗಳು ವಸ್ತುವನ್ನು ಆಹಾರವಾಗಿ ಬಳಸಿಕೊಳ್ಳುವ ಜೈವಿಕ ವಿಘಟನೆಗಿಂತ ಭಿನ್ನವಾದುದು.

ಕ್ರಿಯಾವಿಧಾನ

ಭೂಮಿಯ ಮೇಲ್ಮೈಯನ್ನು ತಲುಪುವ ನೇರಳಾತೀತ ಕಿರಣಗಳ ತರಂಗಾಂತರ ಸುಮಾರು 290ರಿಂದ 400 ನ್ಯಾನೊಮೀಟರ್. ಶುದ್ಧ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಈ ಕಿರಣಗಳನ್ನು ಹೀರಿಕೊಳ್ಳುವುದು ಅತ್ಯಲ್ಪ. ಆದರೆ ತಯಾರಿಕೆಯ ವೇಳೆ ಉಳಿದ ವೇಗವರ್ಧಕದ ಅಂಶಗಳು ಮತ್ತು ಕರಗಿಸಿ ಅಚ್ಚು ಹಾಕುವಾಗ ಉಂಟಾದ ಕಾರ್ಬೊನಿಲ್, ಹೈಡ್ರೊಪೆರಾಕ್ಸೈಡ್ ಗುಂಪುಗಳು ಅವನ್ನು ಹೀರುತ್ತವೆ. ಕ್ರಿಯೆಯು ಮೂರು ಹಂತಗಳಲ್ಲಿ ನಡೆಯುತ್ತದೆ.

ಆರಂಭ: ಹೀರಿಕೊಂಡ ಶಕ್ತಿಯಿಂದ ರಾಸಾಯನಿಕ ಬಂಧ ಮುರಿದು ಮುಕ್ತ ರ್‍ಯಾಡಿಕಲ್‌ಗಳು ಹುಟ್ಟುತ್ತವೆ.

ಪ್ರಸರಣ: ಈ ರ್‍ಯಾಡಿಕಲ್‌ಗಳು ಆಮ್ಲಜನಕದೊಡನೆ ಸೇರಿ ಪೆರಾಕ್ಸಿ ರ್‍ಯಾಡಿಕಲ್‌ಗಳಾಗುತ್ತವೆ. ಅವು ಸರಪಳಿಯ ಬೇರೆಡೆಯಿಂದ ಹೈಡ್ರೊಜನ್ ಪರಮಾಣುವನ್ನು ಕಿತ್ತುಕೊಂಡು ಹೈಡ್ರೊಪೆರಾಕ್ಸೈಡ್‌ಗಳಾಗುತ್ತವೆ. ಹೈಡ್ರೊಪೆರಾಕ್ಸೈಡ್ ಬೆಳಕಿನಲ್ಲಿ ಮತ್ತೆ ಒಡೆದು ಹೊಸ ರ್‍ಯಾಡಿಕಲ್‌ಗಳನ್ನು ಕೊಡುವುದರಿಂದ ಕ್ರಿಯೆಯ ವೇಗ ತಾನಾಗಿಯೇ ಏರುತ್ತದೆ.

ಮುಕ್ತಾಯ: ಎರಡು ರ್‍ಯಾಡಿಕಲ್‌ಗಳು ಪರಸ್ಪರ ಕೂಡಿ ನಿಷ್ಕ್ರಿಯವಾಗುತ್ತವೆ.

ಕಾರ್ಬೊನಿಲ್ ಗುಂಪುಗಳಿರುವೆಡೆ ಸರಪಳಿ ತುಂಡಾಗುವ ಕ್ರಿಯೆಗಳಿಗೆ ಬ್ರಿಟಿಷ್ ರಸಾಯನವಿಜ್ಞಾನಿ ರೊನಾಲ್ಡ್ ನಾರಿಷ್ ಅವರ ಹೆಸರಿದೆ. ಅವರು 1967ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ವಸ್ತುವಿನಲ್ಲಿ ಕಾರ್ಬೊನಿಲ್ ಗುಂಪುಗಳು ಎಷ್ಟು ಹೆಚ್ಚಿವೆ ಎಂಬುದನ್ನು ಅವಕೆಂಪು ರೋಹಿತದರ್ಶನದಿಂದ ಅಳೆದು ವಿಘಟನೆಯ ಪ್ರಮಾಣವನ್ನು ತಿಳಿಯಲಾಗುತ್ತದೆ.

ವಿವಿಧ ಪ್ಲಾಸ್ಟಿಕ್‌ಗಳ ವರ್ತನೆ

ಪಾಲಿಪ್ರೊಪಿಲೀನ್‌ನ ಸರಪಳಿಯಲ್ಲಿ ಸುಲಭವಾಗಿ ಹೈಡ್ರೊಜನ್ ಕಳೆದುಕೊಳ್ಳುವ ತೃತೀಯಕ ಇಂಗಾಲಗಳಿವೆ. ಆದ್ದರಿಂದ ರಕ್ಷಕಗಳನ್ನು ಬೆರೆಸದಿದ್ದರೆ ಅದು ಪಾಲಿಎಥಿಲೀನ್‌ಗಿಂತ ಬೇಗ ಹಾಳಾಗುತ್ತದೆ. ಪಿವಿಸಿ ಹೈಡ್ರೊಜನ್ ಕ್ಲೋರೈಡನ್ನು ಬಿಟ್ಟುಕೊಟ್ಟು, ಸರಪಳಿಯಲ್ಲಿ ಜೋಡಿಬಂಧಗಳ ಸಾಲು ಬೆಳೆದಂತೆ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಪಾಲಿಸ್ಟೈರೀನ್ ಮತ್ತು ಪಾಲಿಕಾರ್ಬೊನೇಟ್ ಕೂಡ ಹಳದಿಯಾಗುತ್ತವೆ.

ಪ್ರಭಾವ ಬೀರುವ ಅಂಶಗಳು

ಕಿರಣಗಳ ತೀವ್ರತೆ, ತಾಪಮಾನ, ವಸ್ತುವಿನ ದಪ್ಪ, ಬಣ್ಣ ಮತ್ತು ಬೆರೆಸಿದ ರಕ್ಷಕಗಳು ಕ್ರಿಯೆಯ ವೇಗವನ್ನು ನಿರ್ಧರಿಸುತ್ತವೆ. ದಪ್ಪ ವಸ್ತುಗಳಲ್ಲಿ ಬೆಳಕು ಮತ್ತು ಆಮ್ಲಜನಕ ಹೆಚ್ಚು ಆಳಕ್ಕೆ ಇಳಿಯದ ಕಾರಣ ಹಾನಿಯು ಮೇಲ್ಪದರದಲ್ಲಿ ಆರಂಭವಾಗುತ್ತದೆ. ಪೆಡಸಾದ ಆ ಪದರ ಬಿರುಕು ಬಿಟ್ಟು ಉದುರಿದಾಗ ಕೆಳಗಿನ ಹೊಸ ಮೇಲ್ಮೈ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. ಮಣ್ಣಿನಲ್ಲಿ ಹೂತುಹೋದ ಪ್ಲಾಸ್ಟಿಕ್‌ಗೆ ಬೆಳಕು ಸಿಗದಿರುವುದರಿಂದ ದ್ಯುತಿವಿಘಟನೆ ನಿಲ್ಲುತ್ತದೆ. ಕೆರೆಯ ಕದಡಿದ ನೀರಿನಲ್ಲಿಯೂ ಕಡಿಮೆ ಬೆಳಕು, ಕಡಿಮೆ ತಾಪಮಾನ ಮತ್ತು ಮೇಲ್ಮೈಯಲ್ಲಿ ಬೆಳೆಯುವ ಪಾಚಿಯಿಂದಾಗಿ ಅದು ಬಹಳ ನಿಧಾನವಾಗುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಬಡಾವಣೆಗಳು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಈ ಅಕ್ಷಾಂಶದಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ಭಾಗ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ, ನಡುನೆತ್ತಿಗೆ ಬರುತ್ತಾನೆ. ಎತ್ತರ ಹೆಚ್ಚಿದಂತೆ ನೇರಳಾತೀತ ಕಿರಣಗಳ ತೀವ್ರತೆಯೂ ಹೆಚ್ಚುತ್ತದೆ. ಹೀಗಾಗಿ ನಗರದ ಹವೆ ತಂಪೆಂದು ಹೆಸರಾಗಿದ್ದರೂ ಇಲ್ಲಿನ ಬಿಸಿಲು ಪ್ಲಾಸ್ಟಿಕ್‌ನ ಮಟ್ಟಿಗೆ ಸೌಮ್ಯವಾದುದಲ್ಲ.

ಮನೆಗಳ ತಾರಸಿಯ ಕಪ್ಪು ನೀರಿನ ಟ್ಯಾಂಕುಗಳು ಪಾಲಿಎಥಿಲೀನ್‌ನಿಂದ ಮಾಡಿದವು. ಅವುಗಳಲ್ಲಿ ಬೆರೆಸಿದ ಇಂಗಾಲದ ಕಪ್ಪುಪುಡಿ ಕಿರಣಗಳನ್ನು ತಾನು ಹೀರಿಕೊಂಡು ಅಣುಸರಪಳಿಗಳನ್ನು ಕಾಯುತ್ತದೆ. ಒಳಗೆ ಪಾಚಿ ಬೆಳೆಯದಂತೆ ಬೆಳಕನ್ನೂ ತಡೆಯುತ್ತದೆ. ಇಂಥ ರಕ್ಷಣೆಯಿಲ್ಲದ ವಸ್ತುಗಳ ಸ್ಥಿತಿ ಬೇರೆ. ಕಟ್ಟಡದ ಅವಶೇಷ ತುಂಬಿ ರಸ್ತೆಬದಿಯಲ್ಲಿಟ್ಟ ಪಾಲಿಪ್ರೊಪಿಲೀನ್ ಚೀಲಗಳು ಬಿಸಿಲಿಗೆ ಎಳೆಎಳೆಯಾಗಿ ಉದುರುತ್ತವೆ. ತಳ್ಳುಗಾಡಿ, ಶೆಡ್ಡುಗಳಿಗೆ ಹೊದಿಸಿದ ಹಳೆಯ ಫ್ಲೆಕ್ಸ್ ಹಾಳೆಗಳ ಪಿವಿಸಿ ಪದರ ಬಿರಿಯುತ್ತದೆ.

ಈ ಚೂರುಗಳನ್ನು ಮಳೆನೀರು ರಾಜಕಾಲುವೆಗಳಿಗೆ ಒಯ್ಯಬಲ್ಲದು. ಭೈರಸಂದ್ರ, ತಾವರೆಕೆರೆ ಮತ್ತು ಮಡಿವಾಳ ಎಂಬ ಮೂರು ಊರುಗಳಿಂದ ಹೆಸರು ಪಡೆದ ಬಿಟಿಎಂ ಬಡಾವಣೆಯ ಕಡೆಯ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಸೇರಿದ್ದು, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಬನಶಂಕರಿಯ ಪಶ್ಚಿಮ ಭಾಗದ ನೀರು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ತಲುಪುತ್ತದೆ. ಹೀಗೆ ಒಂದೇ ಪ್ರದೇಶದ ಚೂರುಗಳು ಎರಡು ನದಿಗಳ ಜಲಾನಯನಕ್ಕೆ ಹಂಚಿಹೋಗಬಲ್ಲವು.

ಸೂಕ್ಷ್ಮ ಪ್ಲಾಸ್ಟಿಕ್

5 ಮಿಲಿಮೀಟರ್‌ಗಿಂತ ಚಿಕ್ಕ ಚೂರುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎನ್ನುತ್ತಾರೆ. ಬ್ರಿಟನ್ನಿನ ಸಾಗರ ಜೀವವಿಜ್ಞಾನಿ ರಿಚರ್ಡ್ ಥಾಮ್ಸನ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಪದ ಪ್ರಚಾರಕ್ಕೆ ಬಂದಿತು. ಚೀಲವೊಂದು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಮಾತ್ರಕ್ಕೆ ಅದರ ದ್ರವ್ಯರಾಶಿ ನಾಶವಾಗಿರುವುದಿಲ್ಲ. ಒಟ್ಟು ಮೇಲ್ಮೈ ವಿಸ್ತೀರ್ಣ ಹೆಚ್ಚಿ, ಬೆರೆಸಿದ ರಾಸಾಯನಿಕಗಳು ಹೊರಬರಲು ಹಾದಿಯಾಗುತ್ತದೆ. ಮೀನು ಮತ್ತಿತರ ಜೀವಿಗಳು ಈ ಚೂರುಗಳನ್ನು ಆಹಾರದೊಡನೆ ನುಂಗುತ್ತವೆ.

ಬೇಗ ಒಡೆಯುವಂತೆ ಲೋಹದ ಲವಣಗಳನ್ನು ಬೆರೆಸಿದ ಆಕ್ಸೊ-ವಿಘಟನೀಯ ಪ್ಲಾಸ್ಟಿಕ್‌ಗಳ ಬಗೆಗೂ ಇದೇ ಆಕ್ಷೇಪವಿದೆ. ಐರೋಪ್ಯ ಒಕ್ಕೂಟವು ಅವುಗಳನ್ನು ಮಾರುಕಟ್ಟೆಗೆ ತರುವುದನ್ನು 2021ರ ಜುಲೈನಿಂದ ನಿಷೇಧಿಸಿದೆ.

ತಡೆ ಮತ್ತು ನಿಯಂತ್ರಣ

ಹೊರಾಂಗಣ ವಸ್ತುಗಳಿಗೆ ಇಂಗಾಲದ ಕಪ್ಪುಪುಡಿ, ಟೈಟಾನಿಯಂ ಡೈಆಕ್ಸೈಡ್, ಕಿರಣ ಹೀರುವ ಸಂಯುಕ್ತಗಳು ಹಾಗೂ ರ್‍ಯಾಡಿಕಲ್‌ಗಳನ್ನು ಹಿಡಿದಿಡುವ ಅಮೀನ್ ರಕ್ಷಕಗಳನ್ನು ಬೆರೆಸುತ್ತಾರೆ. ಇವು ಹಾನಿಯನ್ನು ಮುಂದೂಡುತ್ತವೆ, ಪೂರ್ತಿಯಾಗಿ ತಪ್ಪಿಸುವುದಿಲ್ಲ. ಬಾಳಿಕೆಯನ್ನು ಕ್ಸೆನಾನ್ ದೀಪದಂತಹ ಕೃತಕ ಬೆಳಕಿನಡಿ ಪರೀಕ್ಷಿಸಲಾಗುತ್ತದೆ.

ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ ಮೊದಲಾದವುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ನಿಯಮಗಳಂತೆ ಕೈಚೀಲಗಳ ಕನಿಷ್ಠ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗೂ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೂ ಏರಿತು. ಹಲವು ಏಕಬಳಕೆಯ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶವ್ಯಾಪಿ ನಿಷೇಧವಿದೆ. ತೆಳುವಾದ ಹಾಳೆ ಬೇಗ ಹರಿದು ಚೂರಾಗುವುದಲ್ಲದೆ ಅದನ್ನು ಆಯ್ದು ಸಂಗ್ರಹಿಸುವುದೂ ಕಷ್ಟ.

ಬಿಸಿಲಿನಲ್ಲಿ ಬಹುಕಾಲ ಬಿದ್ದ ಪ್ಲಾಸ್ಟಿಕ್‌ನ ಸರಪಳಿಗಳು ಮೊಟಕಾಗಿರುವುದರಿಂದ ಅದನ್ನು ಕರಗಿಸಿ ಮಾಡಿದ ವಸ್ತು ದುರ್ಬಲವಾಗಿರುತ್ತದೆ. ಒಮ್ಮೆ ಚೂರಾಗಿ ಮಣ್ಣಿನಲ್ಲಿ ಬೆರೆತದ್ದನ್ನು ಹಿಂಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಆದ್ದರಿಂದ ಮನೆಯಲ್ಲಿಯೇ ಒಣಕಸವನ್ನು ಬೇರ್ಪಡಿಸಿ, ವಸ್ತು ಇಡಿಯಾಗಿರುವಾಗಲೇ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ತಲುಪಿಸುವುದು ಮರುಬಳಕೆಯ ದೃಷ್ಟಿಯಿಂದಲೂ ಜಲಮೂಲಗಳ ರಕ್ಷಣೆಯ ದೃಷ್ಟಿಯಿಂದಲೂ ಮುಖ್ಯವಾಗಿದೆ.