ಬೆಂಗಳೂರು: ಕೈಗಾರಿಕೆಗಳು ಮತ್ತು ಉದ್ಯೋಗದಾತರು

ಬೆಂಗಳೂರಿನ ಆರ್ಥಿಕತೆಯ ಚರಿತ್ರೆಯನ್ನು ತೊಂಬತ್ತರ ದಶಕದಿಂದ ಶುರುಮಾಡುವುದು ರೂಢಿಯಾಗಿಬಿಟ್ಟಿದೆ. ಉದಾರೀಕರಣ ಬಂತು, ಸಾಫ್ಟ್‌ವೇರ್ ಕಂಪನಿಗಳು ಬಂದವು, ನಿವೃತ್ತರ ತಂಪು ಊರು ಮಹಾನಗರವಾಯಿತು ಎಂದು ಅದನ್ನು ಹೇಳಿ ಮುಗಿಸುತ್ತಾರೆ. ಊರಿನ ಕಾರ್ಖಾನೆಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಎಂಟು ದಶಕಗಳಲ್ಲಿ ಇಲ್ಲಿ ನೆಲೆಯೂರಿದ ದೊಡ್ಡ ಉದ್ಯಮಗಳಲ್ಲಿ ಬಹುಪಾಲಿಗೆ ಬಂಡವಾಳ, ಜಮೀನು, ವಿದ್ಯುತ್ತು ಇಲ್ಲವೇ ಮೊದಲ ಆರ್ಡರು ಒದಗಿಸಿದ್ದು ಸರ್ಕಾರ: ಮೊದಲು ಮೈಸೂರು ಸಂಸ್ಥಾನ, ಆಮೇಲೆ ಕೇಂದ್ರ. ಸಾಫ್ಟ್‌ವೇರ್ ಉದ್ಯಮ ಎದ್ದು ನಿಂತದ್ದು ಈ ತಳಪಾಯದ ಮೇಲೆ. ಇದನ್ನು ಮರೆತರೆ ಊರು ಬೆಳೆದ ಬಗೆಯೂ ತಿಳಿಯುವುದಿಲ್ಲ, ಆ ಬೆಳವಣಿಗೆಯಲ್ಲಿ ಯಾರಿಗೆ ಏನು ದಕ್ಕಿತು ಎಂಬುದೂ ತಿಳಿಯುವುದಿಲ್ಲ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ನೇಕಾರರ ಮತ್ತು ವ್ಯಾಪಾರಿಗಳ ಊರಾಗಿತ್ತು. 1809ರಲ್ಲಿ ಬ್ರಿಟಿಷರ ದಂಡು ಪಕ್ಕದಲ್ಲಿ ಬಂದು ಕೂತಿತು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದ ಮೇಲೆ ಮದ್ರಾಸಿನ ಬಂಡವಾಳಕ್ಕೆ ಇಲ್ಲಿಗೆ ದಾರಿಯಾಯಿತು. 1884ರಲ್ಲಿ ಹುಟ್ಟಿ ಮುಂದೆ ಬಿನ್ನಿ ಕಂಪನಿಯ ಕೈಸೇರಿದ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ಹಲವು ದಶಕಗಳ ಕಾಲ ಊರಿನ ದೊಡ್ಡ ಉದ್ಯೋಗದಾತನಾಗಿತ್ತು. ಬಿನ್ನಿಪೇಟೆಗೆ ಆ ಹೆಸರು ಉಳಿದಿದೆ. ಸಂವಿಧಾನದ ಮೂಲ ರಚನೆಯ ಕುರಿತ 1980ರ ತೀರ್ಪಿನಿಂದಾಗಿ ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಮಿನರ್ವ ಮಿಲ್ಸ್ ಕೂಡ ಬೆಂಗಳೂರಿನದೇ ಬಟ್ಟೆ ಗಿರಣಿ. ಈ ಗಿರಣಿಗಳನ್ನು ಖಾಸಗಿಯವರು ಕಟ್ಟಿದರು, ನಿಜ. ಆದರೆ ಕೈಗಾರಿಕೆಯ ಚಹರೆಯನ್ನು ಬದಲಿಸಿದ್ದು ವಿದ್ಯುತ್ತು, ಅದು ಸಂಸ್ಥಾನದ ಕೊಡುಗೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆಸಿದ ಮೈಸೂರು ಸರ್ಕಾರ, 1905ರಲ್ಲಿ ಬೆಂಗಳೂರಿಗೂ ಬೆಳಕು ತಂದಿತು.

ಮುಂದಿನ ಮೂರು ದಶಕಗಳಲ್ಲಿ ಸಂಸ್ಥಾನವೇ ಉದ್ಯಮಿಯಾಯಿತು. ಜಮ್‌ಷೇಟ್‌ಜಿ ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆಗೆ ಮಹಾರಾಜರ ಸರ್ಕಾರ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಿಂದ ಪಾಠ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಕೊರಡುಗಳು ಗೋದಾಮುಗಳಲ್ಲಿ ಉಳಿದಾಗ, ಎಣ್ಣೆಯನ್ನು ಇಲ್ಲೇ ತೆಗೆಯುವ ಕೆಲಸಕ್ಕೆ ಸರ್ಕಾರ ಕೈಹಾಕಿತು. ಮೈಸೂರು ಸ್ಯಾಂಡಲ್ ಸೋಪು ಬಂದದ್ದು ಆ ಪ್ರಯತ್ನದಿಂದ. ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಪಿಂಗಾಣಿ ಕಾರ್ಖಾನೆ, ವಿದ್ಯುತ್ ದೀಪದ ಕಾರ್ಖಾನೆಗಳು ಸೇರಿಕೊಂಡವು. ಇವುಗಳಲ್ಲಿ ಯಾವುದೂ ಗಾತ್ರದಲ್ಲಿ ಮುಂಬಯಿಯ ಗಿರಣಿಗಳಿಗೆ ಸಾಟಿಯಲ್ಲ. ಹಾಗಿದ್ದರೂ ಕಾರ್ಖಾನೆ ಬೇಕೆನ್ನುವವರಿಗೆ ಜಮೀನು, ಷೇರು ಹಣ, ಎಂಜಿನಿಯರು ಮೂರನ್ನೂ ಒಟ್ಟಿಗೆ ಕೊಡಬಲ್ಲ ಆಡಳಿತ ಇಲ್ಲಿದೆ ಎಂಬ ನಂಬಿಕೆ ಅವುಗಳಿಂದ ಹುಟ್ಟಿತು.

ಆ ನಂಬಿಕೆ ಫಲ ಕೊಟ್ಟದ್ದು 1940ರ ಡಿಸೆಂಬರಿನಲ್ಲಿ. ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದ ವಾಲ್‌ಚಂದ್ ಹೀರಾಚಂದ್ ಅವರಿಗೆ ಮೈಸೂರು ಸರ್ಕಾರ ಜಮೀನಿನ ಜೊತೆ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯ (ಇಂದಿನ ಎಚ್‌ಎಎಲ್) ಪಾಲುದಾರನಾಯಿತು. ಯುದ್ಧ ಏಷ್ಯಾಕ್ಕೆ ಹಬ್ಬಿದಾಗ, 1942ರಲ್ಲಿ, ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಅಮೆರಿಕದ ವಾಯುಪಡೆಯ ವಿಮಾನಗಳು ಅಲ್ಲಿ ರಿಪೇರಿಯಾದವು. ಅದೇ ವರ್ಷ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಅಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆ ಮುಂದೆ ಕಾರ್ಖಾನೆಗೆ ಹೋಗಿ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಕಾರ್ಖಾನೆ ಬಾಗಿಲು ಹಾಕಲಿಲ್ಲ. ಲೋಹದ ತಗಡು ಬಗ್ಗಿಸಿ, ರಿವೆಟ್ ಹೊಡೆದು ಪಳಗಿದ ಕೈಗಳಿಗೆ ರೈಲು ಬೋಗಿ ಕಟ್ಟುವ ಕೆಲಸ ಕೊಟ್ಟಿತು. ಆ ಬೋಗಿ ವಿಭಾಗ 1964ರಲ್ಲಿ ಸಾರ್ವಜನಿಕ ಉದ್ದಿಮೆ ಬಿಇಎಂಎಲ್ ಸ್ಥಾಪನೆಯಾದಾಗ ಅದರ ಪಾಲಾಯಿತು. ನಮ್ಮ ಮೆಟ್ರೊದ ಮೊದಲ ಹಂತದ ಬೋಗಿಗಳನ್ನು ಒದಗಿಸಿದ್ದು ಅದೇ ಬಿಇಎಂಎಲ್. ಒಂದು ಕಾರ್ಖಾನೆಯ ಕಸುಬು ಇನ್ನೊಂದಕ್ಕೆ ದಾಟಿ ಎಂಬತ್ತು ವರ್ಷ ಬಾಳಿದ ಈ ಸರಣಿಗಿಂತ ಸ್ಪಷ್ಟವಾದ ಸಾಕ್ಷ್ಯ ನನ್ನ ವಾದಕ್ಕೆ ಬೇಕಿಲ್ಲ.

ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರ ಇದೇ ದಾರಿ ಹಿಡಿಯಿತು. 1948ರಲ್ಲಿ ದೂರವಾಣಿ ಉಪಕರಣಗಳ ಐಟಿಐ, 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸಿನ ಬಿಇಎಲ್ ಬಂದವು. ದೂರವಾಣಿನಗರ, ಜಾಲಹಳ್ಳಿ, ವಿಮಾನಪುರಗಳಲ್ಲಿ ಕಾರ್ಖಾನೆಯ ಜೊತೆಗೆ ವಸತಿಗೃಹ, ಶಾಲೆ, ಆಸ್ಪತ್ರೆ, ಕ್ಯಾಂಟೀನು ಎದ್ದವು. ಪಿಯುಸಿ ಇಲ್ಲವೇ ಡಿಪ್ಲೊಮಾ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ ಹುಡುಗ ಟರ್ನರೋ ಫಿಟ್ಟರೋ ಆಗಿ ಪಳಗಿ, ಕಂಪನಿ ಬಸ್ಸಿನಲ್ಲಿ ಓಡಾಡಿ, ಸೈಟು ಕೊಂಡು, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ. ಕೆಲವರು ಕೆಲಸ ಬಿಟ್ಟು, ಎರಡು ಲೇತು ಹಾಕಿಕೊಂಡು, ತಾವು ಬಿಟ್ಟ ಕಾರ್ಖಾನೆಗೇ ಬಿಡಿಭಾಗ ಮಾಡಿಕೊಟ್ಟರು. ರಾಜಾಜಿನಗರ, ಪೀಣ್ಯದ ಸಣ್ಣ ಕೈಗಾರಿಕೆಗಳು ಹೀಗೆ ಬಲಿತವು. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ತಗಡಿನ ಶೆಡ್ಡುಗಳಲ್ಲಿ. ಯು.ಆರ್. ರಾವ್ ಅವರ ತಂಡಕ್ಕೆ ರಾಜ್ಯ ಸರ್ಕಾರ ಬಿಟ್ಟುಕೊಟ್ಟ ಕೈಗಾರಿಕಾ ಶೆಡ್ಡುಗಳವು. ಅಲ್ಲಿಂದ ಹೊರಟ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು.

ಸಾಫ್ಟ್‌ವೇರಿಗೆ ಊರು ಸಿದ್ಧವಾದದ್ದು ಈ ಹಾದಿಯಲ್ಲಿ. 1976ರಲ್ಲಿ ರಾಜ್ಯ ಸರ್ಕಾರ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಸ್ಥಾಪಿಸಿತು, ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ 332 ಎಕರೆ ಜಮೀನು ಗುರುತಾಯಿತು. ಇನ್ಫೋಸಿಸ್ 1983ರಲ್ಲಿ ಪುಣೆಯಿಂದ ಇಲ್ಲಿಗೆ ಬಂದದ್ದು ಆಡುಗೋಡಿಯ ಮೈಕೊ ಕಾರ್ಖಾನೆಯ ಕಂಪ್ಯೂಟರ್ ಕೆಲಸ ಸಿಕ್ಕಿದ್ದರಿಂದ. ಅಂದರೆ ಗಣಕದ ಕಂಪನಿಯನ್ನು ಊರಿಗೆ ಎಳೆತಂದದ್ದು ಡೀಸೆಲ್ ಎಂಜಿನ್ನಿನ ಬಿಡಿಭಾಗ ಮಾಡುವ ಕಾರ್ಖಾನೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸರ್ಕಾರದ ಅನುಮತಿ ಪಡೆದು ಉಪಗ್ರಹ ಸಂಪರ್ಕದೊಂದಿಗೆ ಚಿಪ್ ವಿನ್ಯಾಸ ಕೇಂದ್ರ ತೆರೆಯಿತು. ಬಿಡಿ ಬಿಡಿ ಕಂಪನಿಗಳಿಗೆ ಕೈಗೆಟುಕದ ಅಂಥ ಸಂಪರ್ಕವನ್ನು 1991ರಿಂದ ಕೇಂದ್ರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಸಣ್ಣಪುಟ್ಟ ರಫ್ತುದಾರರಿಗೂ ದೊರಕಿಸಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸಾರ್ವಜನಿಕ ಉದ್ದಿಮೆಗಳು ಭಿಲಾಯಿ, ದುರ್ಗಾಪುರ, ರಾಂಚಿಗಳಲ್ಲೂ ಇದ್ದವು. ಅಲ್ಲೇಕೆ ಸಾಫ್ಟ್‌ವೇರ್ ಬೆಳೆಯಲಿಲ್ಲ? ಹವೆ, ಇಂಗ್ಲಿಷು, ಖಾಸಗಿ ಸಾಹಸ ಇವೇ ಕಾರಣವಲ್ಲವೇ? ಇವು ನೆರವಾದದ್ದು ನಿಜ. ಹಿತವಾದ ಹವೆ ಮೈಸೂರಿಗೂ ಇತ್ತು, ಇಂಗ್ಲಿಷು ಮದ್ರಾಸು, ಕಲ್ಕತ್ತೆಗಳಲ್ಲಿ ಇನ್ನೂ ಹೆಚ್ಚಾಗಿತ್ತು. ವ್ಯತ್ಯಾಸವಿದ್ದದ್ದು ಕಾರ್ಖಾನೆಗಳ ಜಾತಿಯಲ್ಲಿ. ಉಕ್ಕಿನ ಊರು ಅದಿರು ಕಲ್ಲಿದ್ದಲುಗಳ ಬಳಿ, ಒಂದೇ ಸ್ಥಾವರದ ಸುತ್ತ ಬೆಳೆಯುತ್ತದೆ. ಬೆಂಗಳೂರಿಗೆ ಬಂದ ವಿಮಾನ, ದೂರವಾಣಿ, ರೇಡಾರು, ಯಂತ್ರೋಪಕರಣಗಳಲ್ಲಿ ಕಚ್ಚಾವಸ್ತುವಿಗಿಂತ ವಿನ್ಯಾಸ, ಅಳತೆ, ಪರೀಕ್ಷೆಗಳ ಪಾಲೇ ದೊಡ್ಡದು. ವಿಜ್ಞಾನ ಸಂಸ್ಥೆ, ವೈಮಾನಿಕ ಪ್ರಯೋಗಾಲಯವಾದ ಎನ್‌ಎಎಲ್, ರಕ್ಷಣಾ ಪ್ರಯೋಗಾಲಯಗಳು, 1972ರಿಂದ ಇಸ್ರೊ ಕೇಂದ್ರ ಕಚೇರಿ, ಇವೆಲ್ಲ ಒಂದೇ ಊರಿನಲ್ಲಿ ಇದ್ದುದರಿಂದ ಒಂದು ಕಡೆ ಕಲಿತವರು ಮನೆ ಬದಲಿಸದೆ ಇನ್ನೊಂದು ಕಡೆ ಸೇರಬಹುದಿತ್ತು. ರಾಜ್ಯದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಇದಕ್ಕೆ ವರ್ಷವರ್ಷವೂ ಹೊಸಬರನ್ನು ಒದಗಿಸಿದವು.

ಆ ಉದ್ದಿಮೆಗಳೇ ಸೋತವಲ್ಲ ಎಂಬ ಮಾತೂ ಇದೆ. ಮನೆಮನೆಯ ಕೈಗೆ ಗಡಿಯಾರ ಕಟ್ಟಿದ ಎಚ್‌ಎಂಟಿಯ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು, ಐಟಿಐ ಕುಗ್ಗಿತು, ಬೈಯಪ್ಪನಹಳ್ಳಿಯ ವಿದ್ಯುತ್ ಉಪಕರಣಗಳ ಕಾರ್ಖಾನೆ ಎನ್‌ಜಿಇಎಫ್ ಮುಚ್ಚಿತು. ಲಾಭನಷ್ಟದ ಲೆಕ್ಕದಲ್ಲಿ ಇದು ಸೋಲೇ. ಆದರೆ ಕಾರ್ಮಿಕರ ಬದುಕಿನ ಲೆಕ್ಕ ಬೇರೆ. 1980ರ ಕೊನೆಯಿಂದ 1981ರ ಮಾರ್ಚಿನವರೆಗೆ, 77 ದಿನ, ಲಕ್ಷಕ್ಕೂ ಹೆಚ್ಚು ಸಾರ್ವಜನಿಕ ಉದ್ದಿಮೆ ಕಾರ್ಮಿಕರು ಸಂಬಳದ ಪ್ರಶ್ನೆಯ ಮೇಲೆ ಮುಷ್ಕರ ಹೂಡಿದ್ದರು. ಹಾಗೆ ಒಟ್ಟಾಗಿ ನಿಂತು ಕೇಳುವ ಶಕ್ತಿಯುಳ್ಳ ನೌಕರವರ್ಗ ಊರಿನಲ್ಲಿ ಆಮೇಲೆ ಅಷ್ಟು ದೊಡ್ಡದಾಗಿ ಬೆಳೆಯಲಿಲ್ಲ. ಇನ್ನೊಂದು ದೂರು ಇನ್ನೂ ನ್ಯಾಯವಾದದ್ದು: ಕನ್ನಡಿಗರ ನೆಲದಲ್ಲಿ ಕಟ್ಟಿದ ಕಾರ್ಖಾನೆಗಳಲ್ಲಿ ಕನ್ನಡಿಗರಿಗೆ ಸಲ್ಲಬೇಕಾದ ಪಾಲು ಸಂದಿತೆ? ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಯ ಬಿಸಿಯಲ್ಲೇ ಈ ಪ್ರಶ್ನೆ ಎದ್ದು ಸರೋಜಿನಿ ಮಹಿಷಿ ಸಮಿತಿಯ ನೇಮಕವಾಯಿತು. ಅದರ ಶಿಫಾರಸುಗಳ ಜಾರಿಗಾಗಿ ಒತ್ತಾಯ ಇಂದಿಗೂ ನಿಂತಿಲ್ಲ.

ನನ್ನ ವಾದ ತಲುಪದ ಒಂದು ಕ್ಷೇತ್ರವಿದೆ, ಸಿದ್ಧ ಉಡುಪು. ಗಿರಣಿಗಳು ಸೊರಗುತ್ತಿದ್ದ ಹೊತ್ತಿನಲ್ಲೇ ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಎದ್ದವು. ಇವನ್ನು ಕಟ್ಟಿದ್ದು ಖಾಸಗಿ ರಫ್ತುದಾರರು. ನಡೆಸುತ್ತಿರುವುದು ಸುತ್ತಲ ಜಿಲ್ಲೆಗಳಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳ ದುಡಿಮೆ. ಬ್ಯಾಚಿನಲ್ಲಿ ಒಬ್ಬಳು ಕಾಲರು ಹೊಲಿದರೆ ಇನ್ನೊಬ್ಬಳದು ಗುಂಡಿ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು ತಲೆಯ ಮೇಲೆ. ವಸತಿಗೃಹವಿಲ್ಲ, ಸಂಬಳ ಕನಿಷ್ಠ ವೇತನದ ಆಸುಪಾಸು, ಉಳಿತಾಯವೆಂದರೆ ಪಿಎಫ್ ಒಂದೇ. ಆ ಹಣವನ್ನು ಪೂರ್ತಿ ತೆಗೆಯಬೇಕಾದರೆ 58 ವರ್ಷದವರೆಗೆ ಕಾಯಬೇಕೆಂಬ ನಿಯಮ ಬಂದಾಗ, 2016ರ ಏಪ್ರಿಲಿನಲ್ಲಿ ಅವರು ಹೊಸೂರು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಐಟಿ ರಾಜಧಾನಿ ಎಂಬ ಬಿರುದಿನಲ್ಲಿ ಈ ಹೆಂಗಸರಿಗೆ ಜಾಗವಿಲ್ಲದಿರುವುದು ಊರಿನ ಬಗ್ಗೆ ಬರೆಯುವವರೆಲ್ಲರ ಲೋಪ.

ಸರ್ಕಾರದ ಪಾತ್ರ ಹಳೆಯ ಮಾತಾಗಿಯೂ ಉಳಿದಿಲ್ಲ. 2021ರಲ್ಲಿ ವಾಯುಪಡೆಗೆ 83 ತೇಜಸ್ ವಿಮಾನಗಳಿಗಾಗಿ ಕೇಂದ್ರ ಎಚ್‌ಎಎಲ್‌ಗೆ ಕೊಟ್ಟ ಆರ್ಡರಿನ ಮೊತ್ತ ಸುಮಾರು 48,000 ಕೋಟಿ ರೂಪಾಯಿ, ಮತ್ತು ಅದರ ಕೆಲಸ ಖಾಸಗಿ ಬಿಡಿಭಾಗ ತಯಾರಕರಿಗೂ ಹಂಚಿಕೆಯಾಗುತ್ತಿದೆ. ಹೆಲಿಕಾಪ್ಟರ್ ತಯಾರಿಕೆಗೆಂದು ಎಚ್‌ಎಎಲ್ 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೊಸ ಕಾರ್ಖಾನೆ ತೆರೆದಿದೆ.