ಹೆಸರೂ ಒಂದು ನ್ಯಾಸ

ಹಾವೇರಿಗೆ ಸಮೀಪದ ಅಗಡಿ ಗ್ರಾಮದ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅಂದು ಈ ನಾಡು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಪತ್ರಿಕೆಯ ಹೊಣೆ ಹೊತ್ತವರು ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿಯವರು. ಆದರೆ ಈ ಹೆಸರಿನಿಂದ ಅವರನ್ನು ಗುರುತಿಸುವವರು ವಿರಳ. ವರದಾ ಮತ್ತು ತುಂಗಭದ್ರಾ ನದಿಗಳ ಸಂಗಮದಲ್ಲಿರುವ ಗಳಗನಾಥ ಕ್ಷೇತ್ರದ ಹೆಸರನ್ನೇ ಅಂಕಿತವಾಗಿ ಸ್ವೀಕರಿಸಿದ ಅವರು ಕನ್ನಡಿಗರಿಗೆಲ್ಲ ‘ಗಳಗನಾಥ’ರೇ ಆದರು. ಕಾದಂಬರಿಗಳನ್ನು ಬರೆದು, ತಾವೇ ಹೊತ್ತು ಮಾರಿ ಓದುಗರನ್ನು ಸಂಪಾದಿಸಿದ ಆ ಮಹನೀಯರ ಅಂಕಿತವು ಯಾರನ್ನೂ ಮರೆಮಾಚಲಿಲ್ಲ. ಬರೆದವರು ಯಾರೆಂಬುದನ್ನು ಊರೆಲ್ಲ ಬಲ್ಲದು.

ಎಲ್ಲ ಅಂಕಿತಗಳೂ ಹೀಗಿರುವುದಿಲ್ಲ. ರಾಜಕೀಯ ಅಭಿಪ್ರಾಯವನ್ನು ಹೇಳುವಾಗ ಹೆಸರನ್ನು ಮರೆಸಬಹುದೇ, ಮರೆಸಿದರೆ ಅದು ಅಸತ್ಯವಾಗುವುದೇ ಎಂಬ ಪ್ರಶ್ನೆ ಆ ಕಾಲದಲ್ಲಿಯೇ ತೀವ್ರವಾಗಿ ಎದ್ದಿತ್ತು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು ಇದೆ. ಯಾರು ಬರೆದರೆಂದು ತಿಳಿಯದ ಮಾತುಗಳು ಕ್ಷಣಮಾತ್ರದಲ್ಲಿ ಮನೆಮನೆಗೆ ತಲುಪುತ್ತಿವೆ. ಆದುದರಿಂದ ಆ ಹಳೆಯ ಪ್ರಶ್ನೆಯನ್ನು ಶ್ರಾವಕರು ಮತ್ತೊಮ್ಮೆ ವಿಚಾರಿಸುವುದು ಉಚಿತ.

1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯು ಅಚ್ಚಾದ ಪ್ರತಿಯೊಂದು ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕರ ಹಾಗೂ ಪ್ರಕಾಶಕರ ಹೆಸರು ಇರಬೇಕೆಂದು ವಿಧಿಸಿತು. ಲೇಖಕನ ಹೆಸರನ್ನು ಅದು ಕೇಳಲಿಲ್ಲ. ಸಂಪಾದಕರ ಹೆಸರು ಪತ್ರಿಕೆಯ ಮೇಲೆ ಕಡ್ಡಾಯವಾದುದು 1922ರ ತಿದ್ದುಪಡಿಯಿಂದ. ಬರೆದವನು ಮರೆಯಲ್ಲಿರಬಹುದು, ಆದರೆ ಬರಹಕ್ಕೆ ಉತ್ತರ ಹೇಳುವವನು ಒಬ್ಬನಿರಲೇಬೇಕು ಎಂಬುದು ಆ ಕಾನೂನಿನ ತಿರುಳು. ಪರಕೀಯ ಸರಕಾರವು ಅದನ್ನು ತನ್ನ ರಕ್ಷಣೆಗಾಗಿ ಮಾಡಿಕೊಂಡಿತೆಂಬುದು ನಿಜ. 1910ರ ಪತ್ರಿಕಾ ಕಾಯಿದೆಯಂತೂ ಹೊಸ ಮುದ್ರಣಾಲಯಗಳಿಂದ 500 ರೂಪಾಯಿಗೆ ಕಡಿಮೆಯಿಲ್ಲದ ಠೇವಣಿಯನ್ನು ಪಡೆಯುವ ಅಧಿಕಾರವನ್ನು ಕೊಟ್ಟಿತು. ಹೆಸರು ಹೇಳುವುದೆಂದರೆ ಆಗ ಕೈಕೋಳಕ್ಕೆ ಕೈಯೊಡ್ಡಿದಂತೆಯೇ ಇತ್ತು.

ಇದಕ್ಕೆ ಮುಂಬಯಿ ಪ್ರಾಂತದಲ್ಲಿಯೇ ನಡೆದ ಒಂದು ಪ್ರಕರಣ ಸಾಕ್ಷಿ. 1897ರ ಜೂನ್ 15ರ ‘ಕೇಸರಿ’ಯಲ್ಲಿ ಶಿವಾಜಿ ಮಹಾರಾಜರೇ ನುಡಿದಂತೆ ರಚಿಸಿದ ಪದ್ಯವೊಂದು ಪ್ರಕಟವಾಯಿತು. ಅದರ ಕೆಳಗೆ ಭವಾನಿ ಖಡ್ಗದ ಗುರುತು ಎಂಬರ್ಥದ ಅಂಕಿತವಿತ್ತು, ಕವಿಯ ಹೆಸರಿರಲಿಲ್ಲ. ಸರಕಾರವು ರಾಜದ್ರೋಹದ ಮೊಕದ್ದಮೆಯನ್ನು ಹೂಡಿತು. ಕಟಕಟೆಯಲ್ಲಿ ನಿಂತು, ಅದೇ ವರ್ಷದ ಸಪ್ಟೆಂಬರಿನಲ್ಲಿ 18 ತಿಂಗಳ ಕಠಿಣ ಶಿಕ್ಷೆಗೆ ಗುರಿಯಾದವರು ಆ ಅಂಕಿತದ ಹಿಂದಿದ್ದವರಲ್ಲ, ಪತ್ರಿಕೆಯ ಹೊಣೆ ಹೊತ್ತಿದ್ದ ಬಾಳ ಗಂಗಾಧರ ಟಿಳಕರು. ಇಲ್ಲಿ ಒಬ್ಬರ ಹೆಸರು ಮರೆಯಾಗಿತ್ತು, ಆದರೆ ಹೊಣೆ ಮರೆಯಾಗಿರಲಿಲ್ಲ.

ನಮ್ಮ ಸೀಮೆಯ ಇತಿಹಾಸದಲ್ಲಿಯೂ ಈ ಎರಡು ಮಾರ್ಗಗಳು ಕಾಣುತ್ತವೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಾಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಬಹಿರಂಗವಾಗಿ ನಡೆದರು. ಅದೇ ಮಹಾದೇವಪ್ಪನವರು 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಆ ದಿನಗಳಲ್ಲಿ ದೇಶದ ತುಂಬ ಹೆಸರಿಲ್ಲದ ಕರಪತ್ರಗಳು ಸಂಚರಿಸಿದವು. 1944ರಲ್ಲಿ ಬಿಡುಗಡೆಯಾದ ಗಾಂಧೀಜಿಯವರು ಮಾತ್ರ, ಭೂಗತ ಕಾರ್ಯಕರ್ತರು ಹೊರಬಂದು ತಮ್ಮನ್ನು ಒಪ್ಪಿಸಿಕೊಳ್ಳಬೇಕೆಂದು ಸಲಹೆ ನೀಡಿದರು. ಗುಟ್ಟು ಸತ್ಯಾಗ್ರಹಕ್ಕೆ ಒಪ್ಪುವುದಿಲ್ಲವೆಂಬುದು ಅವರ ನಿಲುವಾಗಿತ್ತು. ಹಾಗೆಂದು ಮರೆಯಲ್ಲಿದ್ದವರನ್ನು ಹೇಡಿಗಳೆಂದು ಯಾರು ಕರೆಯಬಲ್ಲರು? ಪ್ರಾಣವನ್ನೇ ಪಣಕ್ಕಿಟ್ಟವರು ಅವರು.

ಹಾಗಾದರೆ ಧರ್ಮದೃಷ್ಟಿಯಿಂದ ಇದನ್ನು ಅಳೆಯುವ ಬಗೆ ಹೇಗೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ಇವುಗಳಲ್ಲಿ ಹೆಸರು ಹೇಳದಿರುವುದು ಎಂಬ ದೋಷವಿಲ್ಲ. ಇನ್ನೊಬ್ಬರು ಬರೆದಂತೆ ಸುಳ್ಳು ಬರಹವನ್ನು ಸೃಷ್ಟಿಸುವುದು ಕೂಟಲೇಖ. ಇನ್ನೊಬ್ಬರ ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಚಾಡಿಯನ್ನು, ಅಂದರೆ ಪೈಶೂನ್ಯವನ್ನು, ಇದೇ ಪಟ್ಟಿಗೆ ಸೇರಿಸಿದರು.

ಈ ಬೆಳಕಿನಲ್ಲಿ ನೋಡಿದರೆ ಮೂರು ಬಗೆಗಳು ಬೇರೆಬೇರೆಯಾಗುತ್ತವೆ. ಗಳಗನಾಥರದು ಕಾವ್ಯನಾಮ, ಅದರಲ್ಲಿ ದೋಷದ ಮಾತೇ ಇಲ್ಲ. ‘ಕೇಸರಿ’ಯ ಅಂಕಿತವು ಗುಪ್ತನಾಮ, ಅಲ್ಲಿ ಉತ್ತರ ಹೇಳುವವರೊಬ್ಬರು ಎದುರಿಗಿದ್ದರು. ಮೂರನೆಯದು ನಮ್ಮ ಊರುಗಳಿಗೂ ಬಸದಿಗಳಿಗೂ ಚೆನ್ನಾಗಿ ಪರಿಚಿತವಾದ ಮೂಗರ್ಜಿ. ಅಲ್ಲಿ ಬರೆದವನೂ ಇಲ್ಲ, ಹೊಣೆ ಹೊರುವವನೂ ಇಲ್ಲ. ಆದರೆ ಆರೋಪಕ್ಕೆ ಗುರಿಯಾದವನು ಮಾತ್ರ ಹೆಸರು, ಮನೆತನ ಸಹಿತ ಇದ್ದಾನೆ. ಸ್ವಂತ ಅಭಿಪ್ರಾಯವನ್ನು ಮರೆಯಿಂದ ಹೇಳುವುದಕ್ಕೂ ಇನ್ನೊಬ್ಬರ ಮಾನವನ್ನು ಮರೆಯಿಂದ ಕಳೆಯುವುದಕ್ಕೂ ಇರುವ ಅಂತರ ಇದು.

ಪ್ರಜಾಪ್ರಭುತ್ವವೂ ಈ ಭೇದವನ್ನು ಅರಿತಿದೆ. 1951–52ರ ಪ್ರಥಮ ಮಹಾಚುನಾವಣೆಯಿಂದಲೂ ನಮ್ಮ ಮತದಾನ ಗುಪ್ತವಾದುದು. ಊರ ಗೌಡನ, ಸಾಹುಕಾರನ ಭಯವಿಲ್ಲದೆ ಬಡವನು ತನ್ನ ಮನಸ್ಸನ್ನು ಹೇಳಲೆಂದೇ ಆ ಮರೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಯಾರಿಗೂ ಮತವಿಲ್ಲವೆನ್ನುವ ಗುಂಡಿಯನ್ನು ಒದಗಿಸಲು ಆದೇಶಿಸಿದಾಗಲೂ ಈ ಗೌಪ್ಯವನ್ನೇ ಎತ್ತಿಹಿಡಿಯಿತು.

ಎಲ್ಲರೂ ನಿಜನಾಮದಲ್ಲಿಯೇ ಬರೆಯಬೇಕೆಂದು ಕಟ್ಟಳೆ ಮಾಡಿದರೆ ಕೆಡುನುಡಿ ನಿಂತೀತೆ? ದಕ್ಷಿಣ ಕೊರಿಯಾ ದೇಶವು 2007ರಲ್ಲಿ ಹೀಗೆ ಮಾಡಿ ನೋಡಿತು. ಅಂತರಜಾಲದ ದೊಡ್ಡ ತಾಣಗಳಲ್ಲಿ ಅಭಿಪ್ರಾಯ ಬರೆಯುವವರು ಮೊದಲು ತಮ್ಮ ಗುರುತನ್ನು ದೃಢಪಡಿಸಬೇಕಾಗಿತ್ತು. 2011ರಲ್ಲಿ ಅಲ್ಲಿಯ ಒಂದು ಪ್ರಮುಖ ಸಂಸ್ಥೆಯಿಂದ ಸುಮಾರು 3.5 ಕೋಟಿ ಬಳಕೆದಾರರ ಖಾಸಗಿ ವಿವರಗಳು ಕಳವಾದವು. 2012ರ ಆಗಸ್ಟಿನಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು ಆ ಕಟ್ಟಳೆಯನ್ನು ಒಮ್ಮತದಿಂದ ರದ್ದುಪಡಿಸಿತು. ಅಕ್ರಮ ಬರಹಗಳು ಅದರಿಂದ ಗಣನೀಯವಾಗಿ ಕಡಿಮೆಯಾದುದಕ್ಕೆ ಆಧಾರವಿಲ್ಲವೆಂದು ಅದು ಕಂಡುಕೊಂಡಿತು. ನಾಲಗೆಯ ಸಂಯಮವು ಗುರುತಿನ ಚೀಟಿಯಿಂದ ಹುಟ್ಟುವುದಿಲ್ಲ.

ಇಲ್ಲಿ ನ್ಯಾಸಾಪಹಾರವೆಂಬ ಅತಿಚಾರವನ್ನು ನೆನೆಯಬೇಕು. ನಂಬಿ ಇಟ್ಟ ಅಡವನ್ನು ಅಪಹರಿಸುವುದು ಅದರ ನೇರವಾದ ಅರ್ಥ. ವ್ಯಾಪಾರದಿಂದ ಬಾಳಿದ ನಮ್ಮ ಮನೆತನಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಂಬಿ ಹೇಳಿದ ಹೆಸರೂ ಒಂದು ನ್ಯಾಸವೇ ಎಂದು ಈ ಲೇಖಕನ ಭಾವನೆ. ಬಸದಿಯ ಆಡಳಿತದಲ್ಲಿ ಲೋಪವಿದೆಯೆಂದೋ, ಸಮಾಜದ ಹಿರಿಯರು ಒಂದು ಪಕ್ಷದ ಕಡೆಗೆ ಎಲ್ಲರನ್ನೂ ಎಳೆಯುತ್ತಿದ್ದಾರೆಂದೋ ತರುಣನೊಬ್ಬನು ವಿಶ್ವಸ್ತರ ಬಳಿ ಬಂದು ಹೇಳಿದರೆ, ಆ ಹೆಸರನ್ನು ಭಂಡಾರದ ಬೆಳ್ಳಿಯಂತೆ ಕಾಪಾಡಬೇಕು. ಮಾತಿನ ಸತ್ಯಾಸತ್ಯವನ್ನು ವಿಶ್ವಸ್ತರು ತಮ್ಮ ಹೊಣೆಯ ಮೇಲೆ ವಿಚಾರಿಸಬೇಕು. ಅಂಥ ನಂಬಿಕೆ ಇರುವಲ್ಲಿ ಮೂಗರ್ಜಿಗೆ ಕಾರಣವೇ ಉಳಿಯದು.

ನಮ್ಮ ಆಚಾರ್ಯರು ಹೆಸರಿಗೆ ಕೊಟ್ಟ ಸ್ಥಾನವೂ ಇದನ್ನೇ ಕಲಿಸುತ್ತದೆ. ಇದೇ ಜಿಲ್ಲೆಯ ಬಂಕಾಪುರದಲ್ಲಿ ಕ್ರಿ.ಶ. 898ರ ಸುಮಾರಿಗೆ ಲೋಕಸೇನರು ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪ್ರಶಸ್ತಿಯನ್ನು ಬರೆದಾಗ ವೀರಸೇನ, ಜಿನಸೇನ, ಗುಣಭದ್ರರ ಗುರುಪರಂಪರೆಯನ್ನು ಸ್ಮರಿಸಿದರು. ಅಲ್ಲಿ ಹೆಸರೆಂಬುದು ಕೀರ್ತಿಯ ಆಸೆಯಲ್ಲ. ಈ ಮಾತು ಯಾರಿಂದ ಬಂದಿತು, ಯಾರು ಇದಕ್ಕೆ ಬಾಧ್ಯರು ಎಂಬುದರ ದಾಖಲೆ.

ಸತ್ಯವ್ರತವನ್ನು ಸ್ಥಿರಗೊಳಿಸುವ ಭಾವನೆಗಳಲ್ಲಿ ಕ್ರೋಧ, ಲೋಭ, ಹಾಸ್ಯಗಳೊಡನೆ ಭಯದ ತ್ಯಾಗವನ್ನೂ ಹೇಳಿದೆ. ಐದನೆಯದು ವಿಚಾರಿಸಿ ನುಡಿಯುವುದು. ಭಯವನ್ನು ಬಿಡುವುದು ನುಡಿಯುವವನ ಸಾಧನೆ, ಭಯವನ್ನು ಹುಟ್ಟಿಸದಿರುವುದು ಕೇಳುವವರ ಧರ್ಮ. ಹೆಸರಿಟ್ಟು ಹೇಳಲು ಸಾಧ್ಯವಾದುದನ್ನು ಹೆಸರಿಟ್ಟೇ ಹೇಳೋಣ. ಇನ್ನೊಬ್ಬರ ಮೇಲಿನ ಆರೋಪವನ್ನು ಎಂದಿಗೂ ಮರೆಯಿಂದ ಹೇಳದಿರೋಣ. ಭಯದಿಂದ ಹೆಸರು ಮರೆಸಿದವನನ್ನು ಹುಡುಕಿ ದಂಡಿಸುವ ಮೊದಲು, ಆ ಭಯವು ನಮ್ಮಿಂದಲೇ ಹುಟ್ಟಿತೇ ಎಂದು ವಿಚಾರಿಸೋಣ.