ಒಂದೇ ಕೋಣೆಯ ನಾದ: ಡೇವ್ ಎಡ್ಮಂಡ್ಸ್ ಮತ್ತು ಮೂಲನಿಷ್ಠ ರಾಕ್ ಅಂಡ್ ರೋಲ್

ರಾಕ್ ಅಂಡ್ ರೋಲ್ ಗಿಟಾರ್ ವಾದನದ ಬೆಳವಣಿಗೆಯನ್ನು ಕೈಚಳಕದಿಂದಷ್ಟೇ ಅಳೆಯಲಾಗದು. ವಾದಕರು ಯಾರೊಡನೆ, ಹೇಗೆ ಕೂಡಿ ನುಡಿಸಿದರು ಎಂಬುದೂ ಅಷ್ಟೇ ಮುಖ್ಯ. 1954ರ ಜುಲೈನಲ್ಲಿ ಅಮೆರಿಕದ ಮೆಂಫಿಸ್ ನಗರದ ಸನ್ ಸಂಸ್ಥೆಗಾಗಿ ಎಲ್ವಿಸ್ ಪ್ರೆಸ್ಲಿ, ಗಿಟಾರ್ ವಾದಕ ಸ್ಕಾಟಿ ಮೂರ್ ಮತ್ತು ಬಾಸ್ ವಾದಕ ಬಿಲ್ ಬ್ಲ್ಯಾಕ್ ಮುದ್ರಿಸಿದ 'ದಟ್ಸ್ ಆಲ್ ರೈಟ್' ಗೀತೆಯಲ್ಲಿ ಡ್ರಮ್ಮೇ ಇರಲಿಲ್ಲ. ಬ್ಲ್ಯಾಕ್ ಅವರು ನಿಲ್ಲಿಸಿ ನುಡಿಸುವ ದೊಡ್ಡ ಬಾಸಿನ ತಂತಿಗಳನ್ನು ಎಳೆದು ಬಡಿಯುತ್ತಿದ್ದ ಸದ್ದೇ ತಾಳವನ್ನೂ ಹೊತ್ತಿತು. ಬ್ಲೂಸ್ ಮತ್ತು ಹಳ್ಳಿಗಾಡಿನ ಕಂಟ್ರಿ ಸಂಗೀತ ಬೆರೆತ ಈ ಶೈಲಿಗೆ ಮುಂದೆ ರಾಕಬಿಲಿ ಎಂಬ ಹೆಸರು ಬಂದಿತು. ನಾದವನ್ನು ಟೇಪ್ ಯಂತ್ರದಲ್ಲಿ ಕ್ಷಣಾಂಶ ತಡೆದು ಮತ್ತೆ ಮೂಲಕ್ಕೆ ಬೆರೆಸುವ 'ಸ್ಲ್ಯಾಪ್‌ಬ್ಯಾಕ್' ಪ್ರತಿಧ್ವನಿಯು ಸನ್ ಮುದ್ರಿಕೆಗಳ ಗುರುತಾಯಿತು.

ಒಬ್ಬರೇ ಹಲವು ವಾದ್ಯಗಳನ್ನು ಒಂದರ ಮೇಲೊಂದು ಮುದ್ರಿಸುವ ಓವರ್‌ಡಬ್ಬಿಂಗ್ ವಿಧಾನವನ್ನು ಲೆಸ್ ಪಾಲ್ ಅಷ್ಟರಲ್ಲೇ ತೋರಿಸಿಕೊಟ್ಟಿದ್ದರು. 1960ರ ದಶಕದ ಕೊನೆಯ ವೇಳೆಗೆ ಅದು ಸ್ಟುಡಿಯೋಗಳ ರೂಢಿಯಾಯಿತು.

ಕೂಡಿ ನುಡಿಸುವ ಮತ್ತು ಒಬ್ಬರೇ ಕಟ್ಟುವ ಈ ಎರಡೂ ದಾರಿಗಳು ಸಂಧಿಸುವುದು ಕಾರ್ಡಿಫ್‌ನಲ್ಲಿ 1944ರಲ್ಲಿ ಜನಿಸಿದ ಗಿಟಾರ್ ವಾದಕ, ಗಾಯಕ ಡೇವ್ ಎಡ್ಮಂಡ್ಸ್ ಅವರಲ್ಲಿ. ನ್ಯೂ ಆರ್ಲಿಯನ್ಸ್‌ನ ಸ್ಮೈಲಿ ಲೂಯಿಸ್ 1955ರಲ್ಲಿ ಹಾಡಿದ್ದ 'ಐ ಹಿಯರ್ ಯೂ ನಾಕಿಂಗ್' ಗೀತೆಯನ್ನು ಅವರು ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ, ಬಹುಪಾಲು ವಾದ್ಯಗಳನ್ನು ತಾವೇ ನುಡಿಸಿ ಮುದ್ರಿಸಿದರು. 1970ರ ಕೊನೆಯಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಂಠವನ್ನು ದೂರವಾಣಿಯಲ್ಲಿ ಕೇಳಿಸುವಂತೆ ಕಿರಿದಾಗಿಸಿ, ಗಿಟಾರನ್ನು ಮುಂದಕ್ಕೆ ತಂದ ಆ ಮುದ್ರಿಕೆ ಇಂದಿಗೂ ಬೆರಗು ಹುಟ್ಟಿಸುತ್ತದೆ; ಆದರೆ ಒಬ್ಬರ ತಾಳವನ್ನು ಕೇಳಿ ಇನ್ನೊಬ್ಬರು ತುಸು ಮುಂದೆ ಹಿಂದೆ ಸರಿಯುವ, ಈ ಸಂಗೀತದ ಜೀವಾಳವಾದ ಆ ಹೊಂದಾಣಿಕೆಗೆ ಅಲ್ಲಿ ಎಡೆ ಕಡಿಮೆ.

ಆ ಕೊರತೆ ತುಂಬಿದ್ದು ನಿಕ್ ಲೋ, ಬಿಲ್ಲಿ ಬ್ರೆಮ್ನರ್ ಮತ್ತು ಟೆರ್ರಿ ವಿಲಿಯಮ್ಸ್ ಜೊತೆಗಿನ ರಾಕ್‌ಪೈಲ್ ತಂಡದಲ್ಲಿ. ಎಡ್ಮಂಡ್ಸ್ ಮತ್ತು ಲೋ ಬೇರೆ ಬೇರೆ ಕಂಪನಿಗಳ ಒಪ್ಪಂದಕ್ಕೆ ಒಳಪಟ್ಟಿದ್ದುದರಿಂದ ಇದೇ ನಾಲ್ವರು ನುಡಿಸಿದ 1979ರ 'ರಿಪೀಟ್ ವೆನ್ ನೆಸೆಸರಿ' ಎಡ್ಮಂಡ್ಸ್ ಹೆಸರಿನಲ್ಲಿಯೂ 'ಲೇಬರ್ ಆಫ್ ಲಸ್ಟ್' ಲೋ ಹೆಸರಿನಲ್ಲಿಯೂ ಹೊರಬಂದವು. ತಂಡದ ಹೆಸರು ಹೊತ್ತ ಸ್ಟುಡಿಯೋ ಆಲ್ಬಂ 1980ರ 'ಸೆಕೆಂಡ್ಸ್ ಆಫ್ ಪ್ಲೆಷರ್' ಒಂದೇ. ಮರುವರ್ಷ ತಂಡ ಒಡೆಯಿತು. ಆ ಹೊತ್ತಿಗೆ ಎಡ್ಮಂಡ್ಸ್ ನಿರ್ಮಾಪಕರಾಗಿ ಸ್ಟ್ರೇ ಕ್ಯಾಟ್ಸ್ ತಂಡದ ಮೊದಲ ಮುದ್ರಿಕೆಗಳನ್ನು ರೂಪಿಸುತ್ತಿದ್ದರು. ಬ್ರಯನ್ ಸೆಟ್ಜರ್ ಅವರ ಗಿಟಾರ್, ನಿಲುವು ಬಾಸ್, ನಿಂತೇ ನುಡಿಸುವ ಡ್ರಮ್ ಸೇರಿದ ಆ ಮೂವರ ಕೂಟವು ಮೆಂಫಿಸ್‌ನ ಮಾದರಿಯನ್ನು ಹೊಸ ತಲೆಮಾರಿಗೆ ದಾಟಿಸಿತು.

1987ರಲ್ಲಿ ಡೇವ್ ಎಡ್ಮಂಡ್ಸ್ ಬ್ಯಾಂಡ್ ಹೆಸರಿನಲ್ಲಿ ಬಂದ 'ಐ ಹಿಯರ್ ಯೂ ರಾಕಿಂಗ್' ಶ್ರೋತೃಗಳೆದುರು ಮುದ್ರಿಸಿದ ಆಲ್ಬಂ. ಗೆರೈಂಟ್ ವಾಟ್ಕಿನ್ಸ್ ಅವರ ಪಿಯಾನೋ, ಮಿಕ್ಕಿ ಗೀ ಅವರ ಎರಡನೆಯ ಗಿಟಾರ್ ಜೊತೆಗಿರುವುದರಿಂದ ಎಡ್ಮಂಡ್ಸ್ ಎಲ್ಲ ಖಾಲಿಯನ್ನೂ ತಾವೇ ತುಂಬಬೇಕಾಗಿಲ್ಲ. ಹೆಸರಾಂತ ಗೀತೆಗಳೇ ಹೆಚ್ಚಾಗಿರುವುದರಿಂದ ಇದನ್ನು ಕೇವಲ ಸಂಕಲನವೆಂದು ಬದಿಗಿಡುವುದು ನ್ಯಾಯವಲ್ಲ. 1970ರಲ್ಲಿ ಬಹುಮಟ್ಟಿಗೆ ಏಕಾಂಗಿಯಾಗಿ ಕಟ್ಟಿದ್ದ ಗೀತೆಯನ್ನೇ ಅವರು ಇಲ್ಲಿ ಐದು ಜನರ ನಡುವೆ ನಿಂತು ಹಾಡಿದ್ದಾರೆ.